ಫ್ಲಾಟ್‌ವೌಂಡ್ ತಂತಿ ಎಷ್ಟು ವರ್ಷ ಬಾಳುತ್ತದೆ? ನನ್ನ ಅನುಭವ

ಬೇಸ್ ಗಿಟಾರ್ ಕಲಿಯುವ ಹುಡುಗರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ) ತಂತಿ ಹಾಕಿದರೆ ಎಷ್ಟು ದಿನ ಬರುತ್ತದೆ ಸರ್? ಚೆನ್ನಾಗಿ ನೋಡಿಕೊಂಡರೆ ಐದು ವರ್ಷಕ್ಕೆ ಮೋಸವಿಲ್ಲ, ಹತ್ತು ವರ್ಷ ದಾಟಿದರೂ ಆಶ್ಚರ್ಯವಿಲ್ಲ ಅನ್ನುತ್ತೇನೆ. ಆದರೆ ವರ್ಷದ ಲೆಕ್ಕ ಹಿಡಿದು ತಂತಿ ಬದಲಿಸಬೇಡಿ. ನಾದ ಮಂಕಾಯಿತು ಅಂತಲೂ ಬದಲಿಸಬೇಡಿ. ಫ್ಲಾಟ್‌ವೌಂಡ್ ಕೈಕೊಡುವುದು ಶ್ರುತಿಯಲ್ಲಿ. ಕಿವಿ ಇಡಬೇಕಾದದ್ದು ಅಲ್ಲಿ.

ಮೊದಲು ತಂತಿ ಹೇಗಿರುತ್ತದೆ ನೋಡೋಣ. ಒಳಗೆ ಉಕ್ಕಿನ ಎಳೆ, ಅದರ ಮೇಲೆ ಸುತ್ತು. ರೌಂಡ್‌ವೌಂಡ್‌ನಲ್ಲಿ ಸುತ್ತಿರುವುದು ದುಂಡನೆಯ ತಂತಿ. ಹಾಗಾಗಿ ಪ್ರತಿ ಎರಡು ಸುತ್ತಿನ ನಡುವೆ ಒಂದು ಸಂದಿ. ಬೆರಳಿನ ಬೆವರು, ಎಣ್ಣೆ ಜಿಡ್ಡು, ಚರ್ಮದ ಪುಡಿ ಎಲ್ಲ ಆ ಸಂದಿಯಲ್ಲಿ ತುಂಬಿಕೊಳ್ಳುತ್ತವೆ. ಹೊಸದರಲ್ಲಿದ್ದ ಆ ಠಣ್ ಅನ್ನುವ ಹೊಳಪು ಕೆಲವೇ ವಾರಗಳಲ್ಲಿ ಮಾಯ. ಫ್ಲಾಟ್‌ವೌಂಡ್‌ನಲ್ಲಿ ಸುತ್ತುವುದು ಚಪ್ಪಟೆ ಪಟ್ಟಿ. ಮೇಲ್ಮೈ ನುಣುಪು, ಕೊಳೆ ಕೂರಲು ಜಾಗವೇ ಕಡಿಮೆ. ಜೊತೆಗೆ ಹೊಳಪು ಶುರುವಿನಲ್ಲೇ ಅಷ್ಟಿಲ್ಲ. ಇಲ್ಲದ್ದು ಹೋದರೆ ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ನಾನು ಬೆಂಗಳೂರಿನಲ್ಲಿ ಹೆಚ್ಚಾಗಿ ಸುಗಮ ಸಂಗೀತಕ್ಕೆ ಬೇಸ್ ನುಡಿಸುತ್ತೇನೆ. ಭಾವಗೀತೆಯಲ್ಲಿ ಹಾಡುವವರ ಮಾತು ಮುಂದೆ ನಿಲ್ಲಬೇಕು, ತಬಲಾ ಜೋಡಿಯ ಡಗ್ಗಾದ (ಎಡಗೈಯಲ್ಲಿ ನುಡಿಸುವುದರ) ತಗ್ಗು ನಾದಕ್ಕೆ ಜಾಗ ಬಿಡಬೇಕು. ರೌಂಡ್‌ವೌಂಡ್‌ನ ಕಿರ್ರೆನ್ನುವ ಬೆರಳು ಸದ್ದು ಅಲ್ಲಿ ಮೈಕಿಗೆ ಹೋದರೆ ಹಾಡಿನ ಮೂಡೇ ಹಾಳು. ಹಾಗಾಗಿ ಫ್ಲಾಟ್‌ವೌಂಡ್‌ಗೆ ಬಂದೆ, ಮತ್ತೆ ಹಿಂದೆ ಹೋಗಲಿಲ್ಲ.

ಹೊಸ ಸೆಟ್ ಹಾಕಿದ ದಿನ ನಿಮಗೆ ಇಷ್ಟ ಆಗದೇ ಇರಬಹುದು. ಸ್ಟೇನ್‌ಲೆಸ್ ಸ್ಟೀಲ್ ಫ್ಲಾಟ್‌ಗಳು, ಉದಾಹರಣೆಗೆ ಡಿ'ಅಡಾರಿಯೋ ಕಂಪನಿಯ ಕ್ರೋಮ್ಸ್, ಮೊದಮೊದಲು ಸ್ವಲ್ಪ ಚುರುಕಾಗಿಯೇ ಕೇಳಿಸುತ್ತವೆ. ಬೆರಳಿಗೂ ಒಂಥರಾ ಅಂಟು. ಎರಡು ಮೂರು ತಿಂಗಳು ದಿನಾ ನುಡಿಸಿ. ಆ ಅಂಚು ಕರಗಿ ನಾದ ದುಂಡಗಾಗುತ್ತದೆ. ನನ್ನ ಮಟ್ಟಿಗೆ ಫ್ಲಾಟ್‌ವೌಂಡ್‌ನ ಆಯಸ್ಸು ಶುರುವಾಗುವುದೇ ಅಲ್ಲಿಂದ. ವಿಯೆನ್ನಾದ ಥೊಮಾಸ್ಟಿಕ್ ಇನ್‌ಫೆಲ್ಡ್ ಮಾಡುವ ನಿಕಲ್ ಫ್ಲಾಟ್‌ಗಳು ಮೊದಲ ದಿನದಿಂದಲೇ ಮೆದು, ಬಿಗಿಯೂ ಕಡಿಮೆ. ಅವಕ್ಕೆ ದುಡ್ಡು ಜಾಸ್ತಿ. ಆದರೆ ವರ್ಷಗಳಿಗೆ ಹಂಚಿ ನೋಡಿದರೆ ಭಾರವಲ್ಲ.

ತಂತಿ ಬದಲಿಸಲೇಬಾರದು ಅನ್ನುವವರು ತಪ್ಪದೆ ಜೇಮ್ಸ್ ಜೇಮರ್ಸನ್ ಹೆಸರು ಹೇಳುತ್ತಾರೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ 60ರ ದಶಕದ ಎಷ್ಟೋ ಹಿಟ್‌ಗಳಿಗೆ ಬೇಸ್ ನುಡಿಸಿದವರು ಅವರು. ಅವರದು 1962ರ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್, ಅದರ ಮೇಲೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್. ತುಂಡಾಗದ ಹೊರತು ತಂತಿ ಬದಲಿಸುತ್ತಿರಲಿಲ್ಲ ಅನ್ನುವುದು ಪ್ರಸಿದ್ಧ. ಆದರೆ ಅದನ್ನು ಕೇಳಿದವರು ಇನ್ನೊಂದು ವಿಷಯ ಮರೆಯುತ್ತಾರೆ. ಅವರ ಗಿಟಾರ್‌ನ ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಭಾಗ) ಹತ್ತಿರ ತಂತಿಗೆ ಒತ್ತಿಕೊಂಡು ಫೋಮ್ ಇತ್ತು. ಸ್ವರ ಹುಟ್ಟಿದ ಕೂಡಲೇ ಅಡಗುತ್ತಿತ್ತು. ಅಷ್ಟು ಚಿಕ್ಕ ಸ್ವರದಲ್ಲಿ ಹಳೇ ತಂತಿಯ ಕೊರತೆ ಹೊರಗೆ ಬರಲು ಸಮಯವೇ ಇಲ್ಲ. ನಾನು ನುಡಿಸುವ ನಿಧಾನದ ಹಾಡಿನಲ್ಲಿ ಒಂದು ಸ್ವರ ಎರಡು ಮಾತ್ರೆ, ಕೆಲವೊಮ್ಮೆ ನಾಲ್ಕು ಮಾತ್ರೆ ನಿಲ್ಲಬೇಕು. ಪಕ್ಕದಲ್ಲೇ ಕೀಬೋರ್ಡ್ ಒಂದಿಷ್ಟೂ ಅಲುಗದ ಶ್ರುತಿಯಲ್ಲಿರುತ್ತದೆ. ಅಲ್ಲಿ ಹಳೇ ತಂತಿ ಅಡಗಿ ಕೂರಲಾರದು.

ಇನ್ನೊಂದು ತುದಿಯಲ್ಲಿ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಇದ್ದಾರೆ. ಅವರದೂ ಫ್ಲಾಟ್‌ವೌಂಡೇ, ರೋಟೊಸೌಂಡ್‌ನದು. ಆದರೆ ಕಾರ್ಯಕ್ರಮಕ್ಕೊಂದು ಹೊಸ ಸೆಟ್ ಹಾಕುತ್ತಾರೆ. ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) ತಂತಿ ಬಡಿದಾಗ ಬರುವ ಆ ಲೋಹದ ಸದ್ದು ಅವರಿಗೆ ಬೇಕು, ಅದು ಹೊಸ ತಂತಿಯಲ್ಲಿ ಮಾತ್ರ ಸಿಗುತ್ತದೆ. ಒಂದೇ ಜಾತಿಯ ತಂತಿ, ಒಬ್ಬರಿಗೆ ವರ್ಷಗಟ್ಟಲೆ, ಇನ್ನೊಬ್ಬರಿಗೆ ಒಂದು ಸಂಜೆ.

ಈಗ ನಾನು ಪರೀಕ್ಷೆ ಮಾಡುವ ರೀತಿ. ತಂತಿಯನ್ನು ಸರಿಯಾಗಿ ಟ್ಯೂನ್ ಮಾಡಿಕೊಳ್ಳಿ. 12ನೇ ಫ್ರೆಟ್‌ನ ನೇರಕ್ಕೆ ಬೆರಳನ್ನು ಹಗುರಾಗಿ ತಾಗಿಸಿ ಹಾರ್ಮೋನಿಕ್ ನುಡಿಸಿ. ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ಆಗಬೇಕು. ಆಗದಿದ್ದರೆ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ಸಣ್ಣ ತುಂಡು) ಹಿಂದೆ ಮುಂದೆ ಮಾಡಿ ಹೊಂದಿಸಿ. ಇಲ್ಲಿಗೆ ನಿಲ್ಲಿಸಬೇಡಿ. 5ನೇ, 7ನೇ ಫ್ರೆಟ್‌ಗಳನ್ನೂ ಒತ್ತಿ ಟ್ಯೂನರ್ ನೋಡಿ. 12 ಸರಿ ಇದ್ದು 5 ಮತ್ತು 7 ಆಚೀಚೆ ಹೋಗುತ್ತಿದ್ದರೆ, ಅದೂ ಒಂದೇ ತಂತಿಯಲ್ಲಿ ಮಾತ್ರ ಹೀಗಾಗುತ್ತಿದ್ದರೆ, ಆ ತಂತಿಯ ಕಥೆ ಮುಗಿಯಿತು ಅಂತಲೇ ಲೆಕ್ಕ. ಸ್ಯಾಡಲ್ ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ. ಹೊಸ ತಂತಿ ಹಾಕಿದ ಮೇಲೂ ಹಾಗೇ ಇದ್ದರೆ ಮಾತ್ರ ಫ್ರೆಟ್ ಮೇಲೆ ಅನುಮಾನ ಪಡಿ.

ಟ್ಯೂನರ್‌ಗಿಂತ ನಾನು ನಂಬುವುದು ಶ್ರುತಿ ಪೆಟ್ಟಿಗೆಯನ್ನು. ಫೋನಿನಲ್ಲಿ ತಂಬೂರಿ ಹಾಕಿ, ಎ ತಂತಿಯನ್ನು ಷಡ್ಜಕ್ಕೆ ಸೇರಿಸಿ, ಖಾಲಿ ತಂತಿಯನ್ನು ಒಮ್ಮೆ ಮೀಟಿ ಬಿಡಿ. ಒಳ್ಳೆ ತಂತಿ ತಂಬೂರಿಯೊಳಗೆ ಸೇರಿಕೊಂಡು ನೇರವಾಗಿ ಇಳಿದು ಹೋಗುತ್ತದೆ. ಸವೆದ ತಂತಿ ನಡುಗುತ್ತದೆ. ವಂವ್ ವಂವ್ ಅಂತ ನಿಧಾನಕ್ಕೆ ಅಲೆ ಏಳುತ್ತದೆ. ಟ್ಯೂನರ್‌ನ ಮುಳ್ಳು ಆಗಲೂ ನಡುವಿನಲ್ಲೇ ನಿಂತಿರಬಹುದು, ಆದರೆ ಕಿವಿಗೆ ತಿಳಿಯುತ್ತದೆ.

ಯಾಕೆ ಹೀಗೆ? ತಂತಿ ಉದ್ದಕ್ಕೂ ಒಂದೇ ತೂಕ, ಒಂದೇ ದಪ್ಪ ಇದ್ದರೆ ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳೂ ಹೊಂದಿಕೊಂಡು ಬರುತ್ತವೆ. ಹಳೇ ತಂತಿಯನ್ನು ಬಿಚ್ಚಿ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಫ್ರೆಟ್ ತಾಗುವ ಕಡೆಯೆಲ್ಲ ಅಡ್ಡಕ್ಕೆ ಸಣ್ಣ ಸಣ್ಣ ತಗ್ಗು. ಉಗುರು ಎಳೆದರೆ ಟಕ್ ಅಂತ ಸಿಗುತ್ತದೆ. ನಾನು ಬಿಚ್ಚಿದ ಜಿ ತಂತಿಯಲ್ಲಿ 2, 3, 5, 7ನೇ ಫ್ರೆಟ್‌ಗಳ ಜಾಗದಲ್ಲಿ ತಗ್ಗು ಎದ್ದು ಕಾಣುತ್ತಿತ್ತು. 12ರಿಂದ ಆಚೆಗೆ ಹೆಚ್ಚುಕಡಿಮೆ ಹೊಸದರಂತೆ ಇತ್ತು. ಇನ್ನು ಪ್ರತಿ ತಂತಿಯೂ ಸುಮಾರು 18, 20 ಕಿಲೋ ಭಾರದಷ್ಟು ಎಳೆತದಲ್ಲಿ ಹಗಲೂ ರಾತ್ರಿ ನಿಂತಿರುತ್ತದೆ. ಒಳಗಿನ ಉಕ್ಕೂ ದಣಿಯುತ್ತದೆ.

ಆಯಸ್ಸು ಹೆಚ್ಚಿಸಲು ನಾನು ಮಾಡುವುದು ತುಂಬಾ ಸರಳ. ನುಡಿಸುವ ಮೊದಲು ಕೈ ತೊಳೆಯುತ್ತೇನೆ. ಕಾರ್ಯಕ್ರಮದ ಊಟ, ಬೋಂಡಾ ಆದಮೇಲಂತೂ ತಪ್ಪಿಸುವುದಿಲ್ಲ. ನುಡಿಸಿದ ಮೇಲೆ ಹಳೇ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನೂ ಹಿಡಿದು, ಅಡಿಭಾಗವೂ ಸೇರಿದಂತೆ, ಬ್ರಿಡ್ಜ್‌ನಿಂದ ನಟ್‌ವರೆಗೆ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯವರೆಗೆ) ಒರೆಸುತ್ತೇನೆ. ಯಾವಾಗಾದರೂ ಬೆರಳು ಅಂಟಿದಂತೆ ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆ. ಆಗ ಫಿಂಗರ್‌ಬೋರ್ಡ್ ಮೇಲೆ ರಟ್ಟು ಇಡಬೇಕು, ಮರಕ್ಕೆ ಅದು ತಾಗಬಾರದು. ರೌಂಡ್‌ವೌಂಡ್ ಕುದಿಸುವವರಿದ್ದಾರೆ. ಫ್ಲಾಟ್‌ಗೆ ಅದು ಬೇಡವೇ ಬೇಡ. ತುದಿಯ ರೇಷ್ಮೆ ದಾರದ ಸುತ್ತು ಹಾಳಾಗುತ್ತದೆ, ಲಾಭವೂ ಇಲ್ಲ. ಮೇ ತಿಂಗಳಲ್ಲಿ ಮಂಗಳೂರು, ಉಡುಪಿ ಕಡೆ ಕಾರ್ಯಕ್ರಮ ಇದ್ದರೆ ಹಾಡಿನ ನಡುವೆಯೂ ಒರೆಸುತ್ತೇನೆ. ಬೆವರಿನ ಉಪ್ಪು, ಸೆಕೆ, ಕಡಲ ಗಾಳಿ ಮೂರೂ ಸೇರಿದರೆ ಸ್ಟೀಲ್ ಆದರೂ ಚುಕ್ಕೆ ಬೀಳುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಪೊಟ್ಟಣ ಯಾವಾಗಲೂ ಇರುತ್ತದೆ.

ಎಷ್ಟೋ ಫ್ಲಾಟ್‌ವೌಂಡ್‌ಗಳು ಸಾಯುವುದು ಹಾಕುವಾಗಲೇ. ತಂತಿಯನ್ನು ಮೊದಲು ಕತ್ತರಿಸಬೇಡಿ. ಬಿರಡೆಯಿಂದ ಆಚೆಗೆ ಮೂರು ಸುತ್ತಿಗೆ ಸಾಕಾಗುವಷ್ಟು ಬಿಟ್ಟು, ಅಲ್ಲಿ ಚೂಪಾಗಿ ಮಡಚಿ, ಮಡಿಕೆಯಿಂದ ಆಚೆ ಕತ್ತರಿಸಿ. ಮಡಿಕೆ ಇಲ್ಲದೆ ಕತ್ತರಿಸಿದರೆ ಚಪ್ಪಟೆ ಪಟ್ಟಿ ಒಳಗಿನ ಎಳೆಯಿಂದ ಜಾರುತ್ತದೆ. ಆ ತಂತಿ ಯಾವತ್ತೂ ಶ್ರುತಿಯಲ್ಲಿ ನಿಲ್ಲುವುದಿಲ್ಲ. ತಂತಿ ತಿರುಚಿಕೊಳ್ಳದಂತೆಯೂ ನೋಡಿಕೊಳ್ಳಿ. ದಪ್ಪ ಬದಲಿಸಿದ್ದರೆ ಒಂದೆರಡು ದಿನ ಬಿಟ್ಟು ನೆಕ್ ಬಾಗಿದೆಯಾ ಅಂತ ಪರೀಕ್ಷಿಸಿ, ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಹೊಂದಿಸಿ.

ಬದಲಿಸುವಾಗ ನಾನು ನಾಲ್ಕನ್ನೂ ಒಟ್ಟಿಗೇ ಬದಲಿಸುತ್ತೇನೆ. ಒಂದೇ ಹೊಸದಾದರೆ ಅದೊಂದೇ ಎದ್ದು ಕೇಳಿಸುತ್ತದೆ. ಬಿಚ್ಚಿದ ಸೆಟ್‌ನಲ್ಲಿ ಶ್ರುತಿ ಕೆಡದ ತಂತಿಗಳನ್ನು ಎಸೆಯುವುದಿಲ್ಲ. ಒರೆಸಿ, ಸಡಿಲವಾಗಿ ಸುತ್ತಿ, ಇ, ಎ ಅಂತ ಚೀಟಿ ಅಂಟಿಸಿ ಬ್ಯಾಗಿನಲ್ಲಿ ಇಡುತ್ತೇನೆ. ವೇದಿಕೆ ಮೇಲೆ ಪಳಗಿದ ತಂತಿಯೊಂದು ತುಂಡಾದರೆ ಅದರ ಜಾಗಕ್ಕೆ ಪಳಗಿದ ತಂತಿಯೇ ಹೊಂದುತ್ತದೆ. ಆದರೆ ಮೊದಲೇ ಕತ್ತರಿಸಿದ ಉದ್ದ ಅದು, ಆ ಗಿಟಾರ್‌ಗೆ ಮಾತ್ರ ಸರಿ. ಹಳೇ ಮಡಿಕೆಯನ್ನು ನೆಟ್ಟಗೆ ಮಾಡದೆ ಹಾಗೇ ಬಿರಡೆಗೆ ಕೂರಿಸಬೇಕು. ಬಿಡಿಸಿ ಮತ್ತೆ ಮಡಚಿದರೆ ಅಲ್ಲೇ ತುಂಡಾಗುತ್ತದೆ.