ಮರೆವಿನ ಎಳೆ ಹಿಡಿದು ಮನೋವಿಜ್ಞಾನವನ್ನು ಕಲಿಯುವ ಬಗೆ

ಮನೋವಿಜ್ಞಾನವನ್ನು ಹೊಸದಾಗಿ ಓದಲು ಹೊರಟವರಿಗೆ ಮೊದಲು ಎದುರಾಗುವುದು ಪಂಥಗಳ ಪಟ್ಟಿ: ರಚನಾವಾದ, ಕಾರ್ಯವಾದ, ವರ್ತನಾವಾದ, ಮನೋವಿಶ್ಲೇಷಣೆ, ಗೆಸ್ಟಾಲ್ಟ್, ಮಾನವತಾವಾದ, ಸಂಜ್ಞಾನಾತ್ಮಕ ಪಂಥ. ಒಂದೊಂದಕ್ಕೂ ಒಬ್ಬ ಸ್ಥಾಪಕ, ಒಂದು ಇಸವಿ, ನಾಲ್ಕು ಸಾಲಿನ ವ್ಯಾಖ್ಯೆ. ಇವನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಆದರೆ ಈ ಶಾಸ್ತ್ರವನ್ನು ವಿಜ್ಞಾನವೆಂದು ಏಕೆ ಕರೆಯುತ್ತಾರೆ ಎಂದು ಕೇಳಿದರೆ ತಡವರಿಸುತ್ತಾರೆ. ನಾನು ಸೂಚಿಸುವ ಕ್ರಮ ಇದು: ಎಲ್ಲರಿಗೂ ಅನುಭವವಿರುವ ಒಂದೇ ಸಂಗತಿಯನ್ನು ಆರಿಸಿಕೊಳ್ಳಿ, ಅದನ್ನು ಮೊದಲು ನೀವೇ ಅಳೆಯಿರಿ, ಆಮೇಲೆ ಅದನ್ನು ಒಂದೊಂದು ಪಂಥದ ಮುಂದೆಯೂ ಇಟ್ಟು, ಆ ಪಂಥ ಕೇಳುವ ಪ್ರಶ್ನೆ ಯಾವುದು, ಅದು ಒಪ್ಪುವ ಸಾಕ್ಷ್ಯ ಯಾವುದು ಎಂದು ಬರೆದುಕೊಳ್ಳಿ. ಇಲ್ಲಿ ನಾನು ಆರಿಸಿಕೊಂಡ ಸಂಗತಿ ಮರೆವು.

ವಿಲ್ಹೆಲ್ಮ್ ವುಂಟ್ ಅವರು 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ತೆರೆದದ್ದನ್ನು ಮನೋವಿಜ್ಞಾನದ ಆರಂಭವೆಂದು ಎಣಿಸುವುದು ರೂಢಿ. ಸಂವೇದನೆ, ಪ್ರತಿಕ್ರಿಯೆಯ ಕಾಲ ಇಂಥವನ್ನು ಅಲ್ಲಿ ಅಳೆಯುತ್ತಿದ್ದರು. ಉನ್ನತ ಮಾನಸಿಕ ವ್ಯಾಪಾರಗಳು ಪ್ರಯೋಗಕ್ಕೆ ದಕ್ಕುವುದಿಲ್ಲವೆಂಬುದು ವುಂಟ್ ಅವರ ನಿಲುವಾಗಿತ್ತು. ಆ ನಿಲುವನ್ನು ದಾಟಿ ಸ್ಮೃತಿಯನ್ನೇ ಅಳೆದವರು ಹರ್ಮನ್ ಎಬ್ಬಿಂಗ್‌ಹೌಸ್. ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಸುಮಾರು 2,300 ಶಬ್ದಗಳನ್ನು ಸಿದ್ಧಪಡಿಸಿ, ಅವುಗಳ ಸಾಲುಗಳನ್ನು ವರ್ಷಗಳ ಕಾಲ ಬಾಯಿಪಾಠ ಮಾಡಿ, 1885ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಈ ಪ್ರಯೋಗವನ್ನು ಮನೆಯಲ್ಲಿ ಕಾಗದ, ಪೆನ್ನು, ಗಡಿಯಾರಗಳಿಂದಲೇ ಮಾಡಬಹುದು.

ವ್ಯಂಜನ, ಸ್ವರ, ವ್ಯಂಜನ ಎಂಬ ಕ್ರಮದಲ್ಲಿ ಅರ್ಥವಿಲ್ಲದ ಶಬ್ದಗಳನ್ನು ಕಟ್ಟಿಕೊಳ್ಳಿ. ಕನ್ನಡದಲ್ಲಿ ಇದು ತೋರುವಷ್ಟು ಸುಲಭವಲ್ಲ: ‘ಕಲ್’ ಎಂದೊಡನೆ ಕಲ್ಲು, ‘ಬೇರ್’ ಎಂದೊಡನೆ ಬೇರು, ‘ಮೀನ್’ ಎಂದೊಡನೆ ಮೀನು ಮನಸ್ಸಿಗೆ ಬಂದುಬಿಡುತ್ತವೆ. ಝೇಪ್, ಠೌಗ್, ಫಿಖ್, ಗೋಝ್ ಇಂಥವು ಆದೀತು. ಹನ್ನೆರಡು ಶಬ್ದಗಳ ನಾಲ್ಕು ಪಟ್ಟಿಗಳನ್ನು ಮಾಡಿ. ಒಂದು ಪಟ್ಟಿಯನ್ನು ಸಮವಾದ ವೇಗದಲ್ಲಿ ಮತ್ತೆ ಮತ್ತೆ ಓದಿ, ನೋಡದೆ ತಪ್ಪಿಲ್ಲದಂತೆ ಹೇಳಲು ಬರುವವರೆಗೆ ಎಷ್ಟು ಸಲ ಓದಬೇಕಾಯಿತೆಂದು ಬರೆದಿಡಿ. ಇಪ್ಪತ್ತು ನಿಮಿಷ ಬಿಟ್ಟು ಅದೇ ಪಟ್ಟಿಯನ್ನು ಪುನಃ ಕಲಿತು, ಈ ಬಾರಿ ಎಷ್ಟು ಸಲ ಓದಬೇಕಾಯಿತೆಂದೂ ಬರೆಯಿರಿ. ಎರಡನೆಯ ಪಟ್ಟಿಗೆ ಒಂದು ಗಂಟೆಯ ಬಿಡುವು, ಮೂರನೆಯದಕ್ಕೆ ಒಂದು ದಿನ, ನಾಲ್ಕನೆಯದಕ್ಕೆ ಮೂವತ್ತೊಂದು ದಿನ. ಬೆಳಗಿನ ಕಲಿಕೆಯನ್ನು ಸಂಜೆಯ ಕಲಿಕೆಯೊಡನೆ ಹೋಲಿಸಬಾರದು. ಹೊತ್ತು ಬದಲಾದರೆ ಕಲಿಯುವ ವೇಗವೂ ಬದಲಾಗುತ್ತದೆಂಬುದನ್ನು ಎಬ್ಬಿಂಗ್‌ಹೌಸ್ ಅವರೇ ಗಮನಿಸಿದ್ದರು. ಆದಕಾರಣ, ದೀರ್ಘ ಬಿಡುವಿನ ಪಟ್ಟಿಗಳನ್ನಾದರೂ ಕಲಿತ ಹೊತ್ತಿನಲ್ಲಿಯೇ ಮರಳಿ ಕಲಿಯಿರಿ.

ಲೆಕ್ಕ ಹೀಗೆ: ಮೊದಲ ಸಲ 20 ಬಾರಿ ಓದಬೇಕಾಗಿದ್ದು, ಮರುದಿನ 12 ಬಾರಿ ಸಾಕಾದರೆ, 8 ಬಾರಿಯ ಶ್ರಮ ಉಳಿಯಿತು, ಅಂದರೆ ಉಳಿತಾಯ ಶೇಕಡ 40. ಎಬ್ಬಿಂಗ್‌ಹೌಸ್ ಅವರಿಗೆ ಇಪ್ಪತ್ತು ನಿಮಿಷಕ್ಕೆ ಸುಮಾರು ಶೇಕಡ 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, ಮೂವತ್ತೊಂದು ದಿನಕ್ಕೆ 21ರಷ್ಟು ಉಳಿತಾಯ ಸಿಕ್ಕಿತು. ಮರೆವು ಮೊದಲು ಧುಮುಕಿ ಆಮೇಲೆ ನಿಧಾನವಾಗುತ್ತದೆ ಎಂಬುದು ಇದರಿಂದ ಕಾಣುತ್ತದೆ. ಆದರೆ ನನಗೆ ಈ ಅಂಕಿಗಳಿಗಿಂತಲೂ ಮಹತ್ವದ್ದಾಗಿ ತೋರುವುದು ಅಳತೆಯ ಉಪಾಯ. ‘ನೆನಪಿದೆಯೆ?’ ಎಂದು ಕೇಳಿದರೆ ಬರುವ ಉತ್ತರದ ಆಧಾರ ಉತ್ತರಿಸಿದವರ ಮನಸ್ಸಿನೊಳಗೇ ಉಳಿಯುತ್ತದೆ, ಅದನ್ನು ಇನ್ನೊಬ್ಬರು ಪರಿಶೀಲಿಸಲಾಗದು. ‘ಎಷ್ಟು ಸಲ ಓದಬೇಕಾಯಿತು?’ ಎಂಬುದನ್ನು ಯಾರು ಬೇಕಾದರೂ ಎಣಿಸಬಹುದು, ಮತ್ತು ಒಂದು ಶಬ್ದವೂ ನೆನಪಿಗೆ ಬಾರದಿರುವಾಗಲೂ ಒಳಗೆ ಏನೋ ಉಳಿದಿದೆ ಎಂಬುದನ್ನು ಆ ಎಣಿಕೆ ತೋರಿಸಿಕೊಡುತ್ತದೆ. ಕಾಣದ ಮನಸ್ಸನ್ನು ಕಾಣುವ ಅಳತೆಗೆ ತಂದದ್ದು ವಿಜ್ಞಾನದ ಮೊದಲ ಹೆಜ್ಜೆಯಾದರೆ, ಆ ಅಳತೆಯನ್ನು ಬೇರೆಯವರು ಪುನಃ ಮಾಡಿ ನೋಡುವುದು ಎರಡನೆಯದು. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿದಾಗ ಹೆಚ್ಚುಕಡಿಮೆ ಇದೇ ವಕ್ರರೇಖೆ ದೊರೆಯಿತು. ಎಲ್ಲ ಪ್ರಯೋಗಗಳಿಗೂ ಈ ಭಾಗ್ಯವಿಲ್ಲ: ಅದೇ ವರ್ಷ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಪರೀಕ್ಷಿಸಿದ ದೊಡ್ಡ ಪ್ರಯತ್ನದಲ್ಲಿ, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವದ, ಅಂದರೆ ಬರಿಯ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ ಫಲಿತಾಂಶ ಬಂದದ್ದು ಸುಮಾರು ಶೇಕಡ 36ರಲ್ಲಿ ಮಾತ್ರ. ಪಠ್ಯಪುಸ್ತಕದಲ್ಲಿ ಓದಿದ ಪ್ರತಿ ಪ್ರಯೋಗದ ಮುಂದೆಯೂ ‘ಮರುಪರೀಕ್ಷೆ ಆಗಿದೆಯೆ?’ ಎಂದು ಪೆನ್ಸಿಲಿನಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಈ ಪರಂಪರೆ ನಮಗೆ ದೂರದ್ದೇನೂ ಅಲ್ಲ. ವುಂಟ್ ಅವರ ಬಳಿ ಡಾಕ್ಟರೇಟ್ ಪಡೆದ ಚಾರ್ಲ್ಸ್ ಸ್ಪಿಯರ್‌ಮನ್ ಲಂಡನ್ನಿನಲ್ಲಿ ಕಲಿಸಿದರು. ಅವರಲ್ಲಿ ಓದಿದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಮೈಸೂರಿನ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ.

ಇನ್ನು ಪಂಥಗಳು. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೆ ಒಂದು ಪುಟ ಬಿಟ್ಟುಕೊಳ್ಳಿ.

ಮನೋವಿಶ್ಲೇಷಣೆಯ ಪುಟದಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೇಳುವ ಪ್ರಶ್ನೆಯನ್ನು ಬರೆಯಿರಿ: ಈ ಮರೆವಿನಿಂದ ಮನಸ್ಸಿಗೆ ಏನು ಲಾಭ? ನೋವು ತರುವ ನೆನಪನ್ನು ಮನಸ್ಸು ತನ್ನ ಅರಿವಿನಿಂದಲೇ ಹೊರಗೆ ದಬ್ಬಿ ದಮನ ಮಾಡುತ್ತದೆ ಎಂಬುದು ಅವರ ಉತ್ತರ. ಹೆಸರು ಮರೆಯುವುದು, ಬಾಯಿತಪ್ಪಿ ಮಾತಾಡುವುದು ಇವಕ್ಕೂ ಅರ್ಥವಿದೆಯೆಂದು ತೋರಿಸಲು ಹೊರಟದ್ದು ಅವರ ದೊಡ್ಡತನ. ಆದರೆ ಸಾಕ್ಷ್ಯದ ಕಡೆ ಕಣ್ಣಿಡಿ. ರೋಗಿ ವಿವರಣೆಯನ್ನು ಒಪ್ಪಿದರೆ ಅದು ಸರಿಯೆಂದೂ, ಒಪ್ಪದಿದ್ದರೆ ಅದು ಪ್ರತಿರೋಧವೆಂದೂ ಹೇಳುವ ಸಿದ್ಧಾಂತವನ್ನು ಯಾವ ವೀಕ್ಷಣೆಯೂ ಸುಳ್ಳಾಗಿಸಲಾರದು.

ವರ್ತನಾವಾದದ ಪುಟ ಇದಕ್ಕೆ ತೀರ ವಿರುದ್ಧವಾದದ್ದು. ಮನೋವಿಜ್ಞಾನವು ಪ್ರಜ್ಞೆಯ ಮಾತನ್ನೇ ಬಿಟ್ಟು ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ನೋಡಬೇಕೆಂದು ಜಾನ್ ವಾಟ್ಸನ್ 1913ರಲ್ಲಿ ವಾದಿಸಿದರು. ಇವಾನ್ ಪಾವ್ಲೋವ್ ಅವರ ನಾಯಿಗಳು ಆಹಾರದ ಮುನ್ಸೂಚನೆಯಾದ ಶಬ್ದಕ್ಕೆ ಜೊಲ್ಲು ಸುರಿಸಲು ಕಲಿತದ್ದು ಎಲ್ಲರಿಗೂ ಗೊತ್ತು. ಮರೆವಿನ ವಿಚಾರಕ್ಕೆ ಮುಖ್ಯವಾದದ್ದು ಅದರ ಮುಂದಿನ ಭಾಗ. ಆಹಾರ ಕೊಡದೆ ಶಬ್ದವನ್ನಷ್ಟೇ ಕೇಳಿಸುತ್ತಾ ಹೋದರೆ ಜೊಲ್ಲು ನಿಲ್ಲುತ್ತದೆ, ಆದರೆ ಸ್ವಲ್ಪ ಕಾಲ ಬಿಟ್ಟು ಅದೇ ಶಬ್ದ ಕೇಳಿಸಿದರೆ ಅದು ತಾನಾಗಿಯೇ ಮರಳುತ್ತದೆ. ವರ್ತನೆ ನಿಂತಿತೆಂದ ಮಾತ್ರಕ್ಕೆ ಕಲಿಕೆ ಅಳಿಸಿಹೋಯಿತೆಂದು ಹೇಳಲಾಗದು ಎಂಬುದನ್ನು, ಪ್ರಜ್ಞೆಯ ಮಾತೆತ್ತದೆಯೇ, ಈ ಪ್ರಯೋಗ ತೋರಿಸಿತು.

ಸಂಜ್ಞಾನಾತ್ಮಕ ಪಂಥಕ್ಕೆ ಎರಡು ಪುಟ ಬಿಡಿ. ಮನಸ್ಸು ಮಾಹಿತಿಯನ್ನು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ, ಹೇಗೆ ಕಾಪಿಡುತ್ತದೆ, ಹೇಗೆ ಹುಡುಕಿ ತೆಗೆಯುತ್ತದೆ ಎಂದು ಮೂರು ಪ್ರಶ್ನೆಗಳನ್ನು ಬಿಡಿಸಿಟ್ಟದ್ದರಿಂದ, ಮರೆವು ಒಂದೇ ಸಂಗತಿಯಲ್ಲ ಎಂಬುದು ಇಲ್ಲಿ ಸ್ಪಷ್ಟವಾಯಿತು. ‘ನಾಲಿಗೆಯ ತುದಿಯಲ್ಲೇ ಇದೆ, ಬರುತ್ತಿಲ್ಲ’ ಎನ್ನುತ್ತೇವಲ್ಲ, ಆ ಸ್ಥಿತಿಯನ್ನೇ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಪ್ರಯೋಗಕ್ಕೆ ತಂದರು: ಪದ ಹೊಳೆಯದವರೂ ಅದರ ಮೊದಲ ಅಕ್ಷರವನ್ನು ಎಷ್ಟೋ ಸಲ ಸರಿಯಾಗಿ ಊಹಿಸಿದರು. ಪದ ಉಗ್ರಾಣದಲ್ಲಿದೆ, ಸೋತದ್ದು ಹುಡುಕಾಟ. ಇನ್ನೊಂದು ಎಳೆ ಕೇಂಬ್ರಿಡ್ಜಿನ ಫ್ರೆಡರಿಕ್ ಬಾರ್ಟ್‌ಲೆಟ್ ಅವರದು. ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲಿಷ್ ಓದುಗರಿಂದ ಪುನಃ ಹೇಳಿಸಿದಾಗ, ತಮಗೆ ಪರಿಚಯವಿಲ್ಲದ ವಿವರಗಳನ್ನು ಅವರು ಬಿಟ್ಟರು ಅಥವಾ ತಮ್ಮ ಸಂಸ್ಕೃತಿಗೆ ಹೊಂದುವಂತೆ ಮಾರ್ಪಡಿಸಿಕೊಂಡರು. ಅರ್ಥವನ್ನೇ ತೆಗೆದುಹಾಕಿದ ಎಬ್ಬಿಂಗ್‌ಹೌಸ್ ಅವರ ಶಬ್ದಗಳಿಂದ ಇದು ಎಂದೂ ತಿಳಿಯುತ್ತಿರಲಿಲ್ಲ. ಅಚ್ಚುಕಟ್ಟಾದ ಅಳತೆಗೂ ಅದರದೇ ಆದ ಬೆಲೆ ತೆರಬೇಕಾಗುತ್ತದೆ ಎಂಬ ಟಿಪ್ಪಣಿಯನ್ನು ಇಲ್ಲಿ ಬರೆದುಕೊಳ್ಳಿ.

ಜೈವಿಕ ದೃಷ್ಟಿಗೆ ಹೆನ್ರಿ ಮೊಲೈಸನ್ ಅವರೊಬ್ಬರ ಕಥೆ ಸಾಕು. ತೀವ್ರ ಮೂರ್ಛೆರೋಗಕ್ಕಾಗಿ 1953ರಲ್ಲಿ ಅವರ ಮಿದುಳಿನ ಎರಡೂ ಬದಿಯಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗವನ್ನು ತೆಗೆಯಲಾಯಿತು. ಅಂದಿನಿಂದ ಹೊಸ ಘಟನೆಗಳಾವುವೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಕನ್ನಡಿ ನೋಡುತ್ತಾ ನಕ್ಷತ್ರದ ಆಕಾರವನ್ನು ಬರೆಯಿಸಿದಾಗ, ಹಿಂದೆ ಬರೆದ ನೆನಪೇ ಇಲ್ಲದ ಅವರ ಕೈ ದಿನದಿಂದ ದಿನಕ್ಕೆ ಪಳಗುತ್ತಾ ಹೋಯಿತು. ಘಟನೆಗಳ ನೆನಪೂ ಕೈಗೆಲಸದ ನೆನಪೂ ಮಿದುಳಿನ ಬೇರೆ ಬೇರೆ ವ್ಯವಸ್ಥೆಗಳನ್ನು ಅವಲಂಬಿಸಿವೆ ಎಂಬ ತಿಳಿವಳಿಕೆ ಹೀಗೆ ಮೂಡಿತು.

ಮನುಷ್ಯನ ಬೆಳವಣಿಗೆಗೆ ಒತ್ತು ಕೊಡುವ, ಮ್ಯಾಸ್ಲೊ, ರೋಜರ್ಸ್ ಅವರ ಮಾನವತಾವಾದಕ್ಕೆ ಮರೆವಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆ ಪುಟವನ್ನು ಬಲವಂತದಿಂದ ತುಂಬಬೇಡಿ. ಯಾವ ಪ್ರಶ್ನೆಗೆ ಯಾವ ಪಂಥ ಮೌನವಾಗಿದೆ ಎಂಬುದೂ ದಾಖಲಾಗಬೇಕಾದ ವಿಷಯವೇ.

ಇಷ್ಟರಲ್ಲಿ ಮೊದಲ ಮೂರು ಪಟ್ಟಿಗಳ ಲೆಕ್ಕ ಸಿಕ್ಕಿರುತ್ತದೆ. ಗೆರೆಕಾಗದದ ಮೇಲೆ ಬಿಂದುಗಳನ್ನು ಗುರುತಿಸಿಡಿ. ನಾಲ್ಕನೆಯ ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿ, ಮೂವತ್ತೊಂದನೆಯ ದಿನದ ತಾರೀಖನ್ನು ಮೇಲೆ ಬರೆದು, ಅಲ್ಲಿಯವರೆಗೆ ಅದನ್ನು ಒಮ್ಮೆಯೂ ತೆರೆಯಬೇಡಿ. ತೆರೆದ ದಿನ, ಮರಳಿ ಕಲಿಯಲು ತೊಡಗುವ ಮುನ್ನವೇ, ಉಳಿತಾಯ ಶೇಕಡ ಎಷ್ಟು ಬರಬಹುದೆಂಬ ನಿಮ್ಮ ಊಹೆಯನ್ನು ಶಾಯಿಯಲ್ಲಿ ಬರೆದು ರುಜು ಹಾಕಿ.