ಬಾಳೆಯ ಸುಳಿ, ಬಾಳೆಯ ಬೆನ್ನು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ಗೆ ಹಸಿರು ಬಣ್ಣ ಅಂತ ಏಪ್ರಿಲ್‌ನಲ್ಲೇ ತೀರ್ಮಾನ ಆಗಿತ್ತು. ಮಳೆ ಶುರುವಾದರೆ ಇಲ್ಲಿ ಗೋಡೆ ಬೇಗ ಒಣಗುವುದಿಲ್ಲ, ಹಾಗಾಗಿ ಮೇ ಒಳಗೆ ಕೆಲಸ ಮುಗಿಯಬೇಕಿತ್ತು. ನಾನು ಸಿಕ್ಕಿಹಾಕಿಕೊಂಡದ್ದು ಶೇಡ್ ಕಾರ್ಡ್‌ನ ಅಕ್ಕಪಕ್ಕದ ಎರಡು ಚೌಕಗಳ ನಡುವೆ. "ಎರಡೂ ಒಂದೇ ಅಲ್ವಾ?" ಅಂದು ನಮ್ಮೆಜಮಾನ್ರು ಕೈತೊಳೆದುಕೊಂಡರು.

ಊರಿಂದ ಬಂದಿದ್ದ ಅತ್ತೆ ಮಾತ್ರ ಕಾರ್ಡನ್ನು ಕಿಟಕಿಗೆ ಹಿಡಿದು ನೋಡಿದರು. "ಇದು ಬಾಳೆಯ ಸುಳಿ, ಇದು ಬಾಳೆ ಎಲೆಯ ಬೆನ್ನು." ಹೌದು! ಒಂದರಲ್ಲಿ ಹಳದಿ ಇಣುಕುತ್ತಿತ್ತು. ಇನ್ನೊಂದಕ್ಕೆ ಎಲೆಯ ಹಿಂಬದಿಯ ಹಾಗೆ ಬೂದಿ ಸವರಿದಂತಿತ್ತು. ಆಮೇಲೆ ನಮ್ಮನೆಯಲ್ಲಿ ಅವಕ್ಕೆ ಅದೇ ಹೆಸರು.

ಎರಡರದ್ದೂ ಸಣ್ಣ ಸ್ಯಾಂಪಲ್ ಡಬ್ಬಿ ತಂದು ಗೋಡೆಗೇ ಬಳಿದೆ. ಅದೇ ತಪ್ಪಾಯ್ತು. ಹಳೆಯ ಗೋಡೆ ಪೀಚ್ ಬಣ್ಣದ್ದು, ಅದರ ಪಕ್ಕದಲ್ಲಿ ಯಾವ ಹಸಿರೂ ಕಣ್ಣಿಗೆ ಹೊಡೆಯುತ್ತೆ. ಮರುದಿನ ಎರಡು ಡ್ರಾಯಿಂಗ್ ಶೀಟ್ ತಂದೆ. ಸುತ್ತ ಒಂದಿಂಚು ಬಿಳಿ ಅಂಚು ಬಿಟ್ಟು ಎರಡೆರಡು ಕೋಟ್ ಹೊಡೆದು, ರಾತ್ರಿಯೆಲ್ಲ ಒಣಗಲು ಬಿಟ್ಟೆ. ಎಮಲ್ಶನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ, ಹಸಿ ಇದ್ದಾಗ ಹಾಲು ಬೆರೆಸಿದ ಹಾಗಿರುತ್ತೆ, ಒಣಗಿದ ಮೇಲೆ ಗಾಢವಾಗುತ್ತೆ.

ಮೂರು ದಿನ ಶೀಟುಗಳನ್ನು ಗೋಡೆಯಿಂದ ಗೋಡೆಗೆ ಅಂಟಿಸುತ್ತಾ ಹೋದೆ. ಬೆಳಿಗ್ಗೆ ಎರಡೂ ಚೆಂದ. ಸಂಜೆ ನಾಲ್ಕರ ಮೇಲೆ ತಮಾಷೆ ಶುರು. ಎದುರಿನ ಬಿಲ್ಡಿಂಗ್‌ಗೆ ಇಟ್ಟಿಗೆ ಕೆಂಪು ಬಣ್ಣ. ಅದರ ಮೇಲೆ ಬಿದ್ದ ಬಿಸಿಲು ಸೀದಾ ನಮ್ಮ ಹಾಲ್‌ಗೆ ಚಿಮ್ಮುತ್ತೆ. ಆಗ ಬೆನ್ನು ಸಪ್ಪೆ, ಸುಳಿಯೇ ಗೆದ್ದಿತು ಅನ್ನಿಸಿತು. ರಾತ್ರಿ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಸುಳಿ ಅಪ್ಪಟ ಗಿಳಿ ಹಸಿರು! ಪಕ್ಕದ ಮನೆಯ ಮರಾಠಿ ಕಾಕು (ಚಿಕ್ಕಮ್ಮ) ಬಾಗಿಲಲ್ಲೇ ನಿಂತು "ಪೋಪಟಿ!" ಅಂದು ನಕ್ಕರು, ಅವರ ಭಾಷೆಯಲ್ಲಿ ಗಿಳಿ ಹಸಿರು ಅಂತ. 3000 ಕೆಲ್ವಿನ್‌ನ ಹಳದಿ ಬಲ್ಬ್‌ನಲ್ಲಿ ಬೆನ್ನು ಹದವಾಗಿ ಕಂಡಿತು. ನಾವು ಹಾಲ್‌ನಲ್ಲಿ ಜಾಸ್ತಿ ಕೂರೋದೇ ರಾತ್ರಿ.

ಇನ್ನೊಂದು ವಿಷಯ. ಒಂದು ಶೀಟ್‌ನಲ್ಲಿ ಕಂಡ ಬಣ್ಣ ನಾಲ್ಕೂ ಗೋಡೆಗೆ ಬಂದಾಗ ಇನ್ನೂ ಜೋರಾಗುತ್ತೆ, ಗೋಡೆಗಳು ಒಂದಕ್ಕೊಂದು ಬಣ್ಣ ಎರಚುತ್ತವೆ. ಶೀಟ್‌ನಲ್ಲೇ ಜೋರಾಗಿರುವ ಸುಳಿ ಪೂರ್ತಿ ಹಾಲ್‌ನಲ್ಲಿ ಹೇಗಿದ್ದೀತು? ಬೆನ್ನು ಗೆದ್ದಿತು. ಟ್ಯೂಬ್‌ಲೈಟ್ ಕೂಡ ಬದಲಾಯಿತು.

ಮೋಸ ಹೋದದ್ದು ಬೇರೆ ಕಡೆ. ಬಣ್ಣ ಸಾಲದೆ ಒಂದು ಲೀಟರ್ ವಾರ ಬಿಟ್ಟು ತಂದೆವು. ಅದೇ ಅಂಗಡಿ, ಅದೇ ನಂಬರ್. ಮಷಿನ್‌ನಲ್ಲಿ ಬೆರೆಸಿದರೂ ಎರಡನೇ ಸಲ ಕೂದಲೆಳೆಯಷ್ಟು ವ್ಯತ್ಯಾಸ ಆಗಬಹುದು. ಎಲ್ಲ ಡಬ್ಬಿ ಒಟ್ಟಿಗೇ ತಂದು ಒಂದೇ ಬಕೆಟ್‌ನಲ್ಲಿ ಕಲಸಿಕೊಳ್ಳಬೇಕಿತ್ತು. ಈಗ ಬಾಗಿಲ ಹಿಂದೆ ಒಂದು ಗೇಣು ಜಾಗ ಸ್ವಲ್ಪ ಬೇರೆ. ಇವತ್ತಿನವರೆಗೂ ಯಾರೂ ಗಮನಿಸಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು. "ಇಲ್ಲಿ ಎಲೆ ಬಾಡಿದೆ ನೋಡೇ" ಅಂದರು.