ನಾರಿಗೆ ರೆಸಿನ್ ಹಿಡಿಸಿದ್ದು: ನನ್ನ ಅನುಭವ

ಕಾರ್ಬನ್ ನಾರಿನ ಬಟ್ಟೆಗೆ ರೆಸಿನ್, ಅಂದರೆ ಗಟ್ಟಿಯಾಗುವ ಅಂಟು, ಹಿಡಿಸಿ ಪ್ಲೇಟು ಮಾಡಲು ಹೊರಟಿದ್ದೆ. ಮೊದಲ ಪ್ಲೇಟು ಹಾಳಾದಾಗ ತಪ್ಪೆಲ್ಲ ರೆಸಿನ್‌ದೇ ಅಂದುಕೊಂಡಿದ್ದೆ. ರೆಸಿನ್ ಎಲ್‌ವೈ 556 ಎಪಾಕ್ಸಿ, ಅದರ 100 ಗ್ರಾಂಗೆ ಗಟ್ಟಿಯಾಗಿಸುವ ಎಚ್‌ವೈ 951 ಹಾರ್ಡನರ್ 10 ಗ್ರಾಂ. ಅಳತೆ ಸರಿಯಾಗಿಯೇ ಇತ್ತು. 14 ಪದರ ಕಾರ್ಬನ್ ಬಟ್ಟೆ ಹಾಸಿ, ಗಾಳಿ ಎಳೆದು ಪದರಗಳನ್ನು ಒತ್ತುವ ವ್ಯಾಕ್ಯೂಮ್ ಬ್ಯಾಗ್ ಕಟ್ಟಿ, ಸುಮಾರು 3 ಮಿ.ಮೀ. ದಪ್ಪಕ್ಕೆ ತಂದಿದ್ದೆ. ಚಿಕ್ಕ ತುಂಡನ್ನು ಬಾಗಿಸಿ ಪದರಗಳ ಹಿಡಿತ ನೋಡುವ ಶಾರ್ಟ್ ಬೀಮ್ ಪರೀಕ್ಷೆಗೆ ಇಟ್ಟರೆ, ನಡುವಿನ ಪದರಗಳು ಬೇಗನೆ ಬಿಟ್ಟುಕೊಂಡವು.

ಒಡೆದ ಜಾಗವನ್ನು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದೆ. 7 ಮೈಕ್ರಾನ್ ದಪ್ಪದ ನಾರು, ಮೈಮೇಲೆ ರೆಸಿನ್ನಿನ ಚೂರೂ ಇಲ್ಲ, ಸೋಪು ಹಾಕಿ ತೊಳೆದ ಹಾಗೆ. ಪಕ್ಕದ ರೆಸಿನ್ನಿನಲ್ಲಿ ನಾರು ಮಲಗಿದ್ದ ನುಣುಪಾದ ತೋಡು ಮಾತ್ರ. ಚೆನ್ನಾಗಿ ಹಿಡಿದಿದ್ದರೆ ರೆಸಿನ್ನೇ ಹರಿದು ನಾರಿಗೆ ಅಂಟಿಕೊಂಡಿರಬೇಕಿತ್ತು, ಅಲ್ವಾ?

ಬಟ್ಟೆ ಹಳೆಯ ರೋಲಿನದು. ಮಗ್ಗದವರು ನೂಲಿಗೆ ಗಂಜಿ ಹಾಕುವ ಹಾಗೆ ಕಾರ್ಬನ್ ನಾರಿಗೂ ಸೈಜಿಂಗ್ ಅನ್ನುವ ಒಂದು ತೆಳು ಲೇಪ ಇರುತ್ತದೆ. ಇದರದ್ದು ಯಾವ ರೆಸಿನ್‌ಗೆ ಹೊಂದುವಂಥದ್ದು ಅನ್ನುವ ಕಾಗದ ಇರಲಿಲ್ಲ. ದ್ರಾವಕವನ್ನು ಮತ್ತೆ ಮತ್ತೆ ಹರಿಸಿ ತೊಳೆಯುವ ಸಾಕ್ಸ್‌ಲೆಟ್ ಉಪಕರಣದಲ್ಲಿ ಅಸಿಟೋನ್ ಹಾಕಿ ಆ ಲೇಪವನ್ನು ತೆಗೆದೆ. ಬರೀ ನಾರು ಮುಟ್ಟಿದರೆ ಎಳೆ ಏಳುತ್ತದೆ, ಬೆರಳಿಗೆ ಚುಚ್ಚುತ್ತದೆ. ಅದರ ಮೈ ಜಾಸ್ತಿ ಗ್ರಾಫೈಟೇ. ರೆಸಿನ್ ಕೈ ಹಿಡಿಯಲು ಅಲ್ಲಿ ಆಮ್ಲಜನಕ ಇರುವ ರಾಸಾಯನಿಕ ಗುಂಪುಗಳು ಬೇಕು. ಕಾರ್ಖಾನೆಗಳಲ್ಲಿ ಇದನ್ನು ವಿದ್ಯುತ್ ಹರಿಸಿ ಮಾಡುತ್ತಾರೆ. ಅದೇ ಕೆಲಸಕ್ಕೆ ನನ್ನ ಹತ್ತಿರ ಇದ್ದದ್ದು ನೈಟ್ರಿಕ್ ಆಸಿಡ್, ಮತ್ತೆ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್. ಕಂದು ಹೊಗೆ ಬರುತ್ತದೆ, ಹುಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಮೂರು ಗಂಟೆ ಬಿಸಿ ಆಸಿಡ್‌ನಲ್ಲಿಟ್ಟದ್ದು ಅತಿಯಾಯಿತು. ನಾರಿನ ಮೈಯಲ್ಲಿ ಗುಂಡಿ ಬಿದ್ದಿತ್ತು, ಎಳೆದರೆ ಬೇಗ ತುಂಡಾಗುತ್ತಿತ್ತು. ಒಂದು ಗಂಟೆಗೆ ಇಳಿಸಿದೆ.

ನಿಜವಾದ ಪಾಡು ತೊಳೆಯುವುದರಲ್ಲಿತ್ತು. ಮೂರು ನೀರು ಸಾಕು ಅಂದುಕೊಂಡು ಪ್ಲೇಟು ಹಾಕಿದೆ. ಮಾರನೇ ದಿನ ಬೆರಳಿಟ್ಟರೆ ಅಂಟು ಅಂಟು. ಎಳೆಗಳ ಸಂದಿಯಲ್ಲಿ ಉಳಿದ ಆಸಿಡ್, ಅಮೀನ್ ಎಂಬ ಕ್ಷಾರ ಜಾತಿಯ ಹಾರ್ಡನರನ್ನು ತಿಂದುಹಾಕಿತ್ತು. ಅಂದಿನಿಂದ ಸುಮ್ನೆ ನೀರು ಬದಲಿಸುವುದಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಟ್ಟು, ಆಮೇಲೆ ಆಸಿಡ್ ಇದೆಯೇ ಎಂದು ತೋರಿಸುವ ಪಿಎಚ್ ಕಾಗದ ಅದ್ದುತ್ತೇನೆ; 7 ಅಂದರೆ ಆಸಿಡ್ ಇಲ್ಲ, ಅದಕ್ಕಿಂತ ಕಡಿಮೆ ಅಂದರೆ ಇದೆ. ಮೊದಲು 7 ತೋರಿಸಿದ ನೀರು ಗಂಟೆ ಕಳೆದ ಮೇಲೆ ಮತ್ತೆ 5 ತೋರಿಸಿದ್ದುಂಟು. ಸಂದಿಯಿಂದ ಅದು ನಿಧಾನಕ್ಕೆ ಒಸರುತ್ತದೆ. ನೆನೆದ ನೀರೂ 7ರಲ್ಲೇ ನಿಂತ ಮೇಲೆ 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ತಣ್ಣಗಾದ ಕೂಡಲೇ ರೆಸಿನ್ ಹಾಕುತ್ತೇನೆ.

ಅದೇ ರೋಲಿನ, ಅಸಿಟೋನ್ ಆಸಿಡ್ ಏನೂ ಮುಟ್ಟಿಸದ ಬಟ್ಟೆಯ ಪ್ಲೇಟನ್ನೂ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದೆ. ಹೊಸದು ಹೆಚ್ಚು ಭಾರ ತಾಳಿತು. ಎಸ್‌ಇಎಂನಲ್ಲಿ ಈ ಸಲ ನಾರಿನ ಮೈ ನುಣುಪಾಗಿರಲಿಲ್ಲ. ಉದ್ದಕ್ಕೂ ಹರಿದ ರೆಸಿನ್ನಿನ ಚಿಂದಿಗಳು ಅಂಟಿಕೊಂಡಿದ್ದವು.